ಬ್ರಿಟಿಷರ ಜಮಾ-ಖರ್ಚು: ಕಲಾದಗಿಯ ಬರ, ಹೋಟಗಿಯ ರೈಲು ಮತ್ತು 64 ಲಕ್ಷ ಕೋಟಿ ಡಾಲರ್

ಎರಡು ವರ್ಷದೊಳಗೆ ಒಂದೇ ವಿಷಯದ ಮೇಲೆ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. 2024ರ ಜುಲೈ 1ರಂದು ಬ್ರಿಟಿಷರ ಕಾಲದ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಅದೇ ಅಕ್ಟೋಬರಿನಲ್ಲಿ ಕಿತ್ತೂರಿನಲ್ಲಿ ಚನ್ನಮ್ಮನ ಗೆಲುವಿಗೆ 200 ವರ್ಷ ತುಂಬಿದ ಉತ್ಸವ ನಡೆಯಿತು. 2025ರ ಜನವರಿಯಲ್ಲಿ ಅಸಮಾನತೆಯ ವಿರುದ್ಧ ಕೆಲಸ ಮಾಡುವ ಆಕ್ಸ್‌ಫ್ಯಾಮ್ ಸಂಸ್ಥೆ ಒಂದು ಅಂಕಿ ಮುಂದಿಟ್ಟಿತು. 1765ರಿಂದ 1900ರವರೆಗೆ ಭಾರತದಿಂದ ಬ್ರಿಟನ್ನಿಗೆ ಹೋದ ಸಂಪತ್ತು 64.82 ಲಕ್ಷ ಕೋಟಿ ಡಾಲರ್! ವರ್ಷದ ಕೊನೆಗೆ, ನವೆಂಬರಿನಲ್ಲಿ, ಇಂಗ್ಲಿಷ್ ಶಿಕ್ಷಣಕ್ಕೆ ದಾರಿ ಮಾಡಿದ ಬ್ರಿಟಿಷ್ ಅಧಿಕಾರಿ ಮೆಕಾಲೆ ಬಿತ್ತಿದ ಮನಸ್ಥಿತಿಯಿಂದ 2035ರೊಳಗೆ ಹೊರಬರಬೇಕು ಎಂದು ಪ್ರಧಾನಿ ಕರೆ ಕೊಟ್ಟರು.

ಇದನ್ನೆಲ್ಲ ಓದಿದವರಿಗೆ ತಲೆ ಗೊಂದಲ ಆಗುವುದು ಸಹಜ. ಚಹಾದಂಗಡಿಯಲ್ಲಿ ಈ ಮಾತು ಬಂದರೆ ಎರಡೇ ಪಕ್ಷ. ‘ಎಲ್ಲಾ ದೋಚಿಕೊಂಡು ಹೋದರು’ ಅನ್ನುವವರು ಒಂದು ಕಡೆ. ‘ಅವರು ಬರದಿದ್ರೆ ರೈಲೂ ಇಲ್ಲ, ಶಾಲೆಯೂ ಇಲ್ಲ’ ಅನ್ನುವವರು ಇನ್ನೊಂದು ಕಡೆ. ಸೋಜಿಗ ಏನಂದರೆ ಎರಡೂ ಪಕ್ಷದವರು ಮಾಡುವುದು ಒಂದೇ ಕೆಲಸ. ಕಿರಾಣಿ ಅಂಗಡಿಯ ವಹಿಯ ಹಾಗೆ ಬಂದದ್ದನ್ನು ಒಂದು ಕಡೆ, ಹೋದದ್ದನ್ನು ಇನ್ನೊಂದು ಕಡೆ ಬರೆದು ಕೂಡಿಸಿ ಕಳೆಯುವುದು.

ಆದರೆ ಈ ವಹಿಯಲ್ಲಿ ಒಂದು ತಕರಾರು ಇದೆ. ಕಳೆದುಕೊಂಡವರ ಹೆಸರೂ ಪಡೆದುಕೊಂಡವರ ಹೆಸರೂ ಒಂದೇ ಅಲ್ಲ. ಕಾಲವೂ ಒಂದೇ ಅಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕಥೆಯನ್ನೇ ಹಿಡಿದು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ಈ ಸೀಮೆಯ ಬಹುಭಾಗ ಕುಂಪಣಿ ಸರ್ಕಾರದ ಕೈಗೆ ಬಂತು. ಆಮೇಲೆ ಮುಂಬೈ ಪ್ರಾಂತ್ಯದಲ್ಲೇ ಉಳಿಯಿತು. ನಡುನಡುವೆ ಮುಧೋಳ, ಜಮಖಂಡಿ, ರಾಮದುರ್ಗದಂಥ ಪುಟ್ಟ ಸಂಸ್ಥಾನಗಳು.

ಮೊದಲು ಆ ದೊಡ್ಡ ಅಂಕಿ

64.82 ಲಕ್ಷ ಕೋಟಿ ಡಾಲರ್ ಅಷ್ಟು ಹಣವನ್ನು ಯಾರೂ ಹಡಗಿನಲ್ಲಿ ತುಂಬಿ ಒಯ್ಯಲಿಲ್ಲ. ಈ ಅಂಕಿಯ ಹಿಂದೆ ಅರ್ಥಶಾಸ್ತ್ರಜ್ಞರಾದ ಉತ್ಸಾ ಪಟ್ನಾಯಕ್ ಮತ್ತು ಪ್ರಭಾತ್ ಪಟ್ನಾಯಕ್ ಅವರ ಕೆಲಸ ಇದೆ. ಅದರ ಬೇರು ಇನ್ನೂ ಹಿಂದಕ್ಕೆ, ದಾದಾಭಾಯಿ ನವರೋಜಿಯವರ ‘ಸಂಪತ್ತಿನ ಸೋರಿಕೆ’ಯ ವಾದಕ್ಕೆ ಹೋಗುತ್ತದೆ.

ವಾದ ಹೀಗಿದೆ. ಮೊದಮೊದಲು ಕುಂಪಣಿಯವರು ಇಲ್ಲಿನ ಸರಕು ಕೊಳ್ಳಲು ತಮ್ಮ ದೇಶದಿಂದ ಬೆಳ್ಳಿ ತರಬೇಕಿತ್ತು. 1765ರಲ್ಲಿ ಬಂಗಾಳದ ಕಂದಾಯ ವಸೂಲಿಯ ಹಕ್ಕು ಸಿಕ್ಕಿತು ನೋಡಿ, ಲೆಕ್ಕವೇ ಬದಲಾಯಿತು. ರೈತನಿಂದ ವಸೂಲಾದ ಕಂದಾಯದಲ್ಲೇ ಒಂದು ಪಾಲು ತೆಗೆದು ಅದೇ ರೈತನ, ಅದೇ ನೇಕಾರನ ಮಾಲನ್ನು ಕೊಂಡರು. ನಿಮ್ಮ ಕಿಸೆಯಿಂದ ನೂರು ರೂಪಾಯಿ ಕಿತ್ತುಕೊಂಡು, ಅದರಲ್ಲೇ ಮೂವತ್ತು ನಿಮಗೆ ಕೊಟ್ಟು ನಿಮ್ಮದೇ ಹತ್ತಿ ಖರೀದಿ ಮಾಡಿದ ಹಾಗೆ. ಮಾಲು ಪುಕ್ಕಟೆ ಹೋಯಿತು, ಆದರೆ ನೋಡುವವರಿಗೆ ವ್ಯಾಪಾರದ ಹಾಗೆ ಕಂಡಿತು. 1858ರ ನಂತರ ದಾರಿ ಬೇರೆಯಾಯಿತು. ಲಂಡನ್ನಿನಲ್ಲಿದ್ದ ಅಧಿಕಾರಿಗಳ ಸಂಬಳ, ಪಿಂಚಣಿ, ಸಾಲದ ಬಡ್ಡಿ, ಹೊರದೇಶದ ಯುದ್ಧಗಳ ಖರ್ಚು ಇವೆಲ್ಲ ಭಾರತದ ಬೊಕ್ಕಸದ ಮೇಲೆ ಬಿದ್ದವು.

ಇದಕ್ಕೆ ಎದುರು ವಾದವೂ ಇದೆ. ತೀರ್ಥಂಕರ ರಾಯ್ ಅವರಂಥ ಇತಿಹಾಸಕಾರರು ಇದನ್ನೆಲ್ಲ ಲೂಟಿ ಎಂದು ಕರೆಯಲು ಒಪ್ಪುವುದಿಲ್ಲ. ಹೊರಗೆ ಹೋದ ಹಣದಲ್ಲಿ ಬಹುಪಾಲು ಬಂಡವಾಳ, ತಂತ್ರಜ್ಞಾನ, ಆಡಳಿತ ಇವುಗಳಿಗೆ ಕೊಟ್ಟ ಬೆಲೆ ಎಂಬುದು ಅವರ ಮಾತು.

ಇನ್ನು ಅಂಕಿ ಇಷ್ಟು ದೊಡ್ಡದಾದದ್ದು ಹೇಗೆ? ಚಕ್ರಬಡ್ಡಿಯಿಂದ. ಅಂದು ಹೋದ ಹಣಕ್ಕೆ ಇಂದಿನವರೆಗೆ ಬಡ್ಡಿ ಹಾಕಲಾಗಿದೆ. ಪಟ್ನಾಯಕ್ ಅವರ ಹಿಂದಿನ ಲೆಕ್ಕದಲ್ಲಿ ಬಡ್ಡಿ ದರ 5%. ಒಂದು ರೂಪಾಯಿಗೆ 200 ವರ್ಷ 5% ಚಕ್ರಬಡ್ಡಿ ಹಾಕಿದರೆ ಅದು 17,000 ರೂಪಾಯಿ ದಾಟುತ್ತದೆ. 3% ಹಾಕಿದರೆ 370 ರೂಪಾಯಿ ಕೂಡ ಆಗುವುದಿಲ್ಲ. ಬಡ್ಡಿ ದರ ಎರಡು ಪರ್ಸೆಂಟ್ ಅತ್ತಿತ್ತ ಆದರೆ ಮೊತ್ತ ಸುಮಾರು ನಲವತ್ತೇಳು ಪಟ್ಟು ಬದಲಾಗುತ್ತದೆ ಅಂದಮೇಲೆ ಅಂಥ ಅಂಕಿಯನ್ನು ಬಿಲ್ಲಿನ ಹಾಗೆ ಹಿಡಿದು ವಸೂಲಿಗೆ ಹೋಗಲು ಬರುವುದಿಲ್ಲ. ಹಾಗಂತ ಸೋರಿಕೆಯೇ ಸುಳ್ಳು ಎನ್ನಲೂ ಬರುವುದಿಲ್ಲ. ಕಂದಾಯದ ಹಣದಲ್ಲೇ ಮಾಲು ಕೊಂಡದ್ದು ನಿಜ, ಲಂಡನ್ ಖರ್ಚು ಇಲ್ಲಿನವರ ತಲೆಗೆ ಕಟ್ಟಿದ್ದೂ ನಿಜ. ಸಂದೇಹ ಇರುವುದು ಬಡ್ಡಿಯ ಬಗ್ಗೆ, ಅಸಲಿನ ಬಗ್ಗೆ ಅಲ್ಲ.

ಅದೇ ವರದಿಯ ಇನ್ನೊಂದು ಮಾತನ್ನು ಹೆಚ್ಚಿನ ಪತ್ರಿಕೆಗಳು ಬದಿಗೆ ಸರಿಸಿದವು. ಆ ಹಣದಲ್ಲಿ ಅರ್ಧಕ್ಕೂ ಜಾಸ್ತಿ, ಅಂದರೆ 33.8 ಲಕ್ಷ ಕೋಟಿ ಡಾಲರ್, ಹೋದದ್ದು ಬ್ರಿಟನ್ನಿನ ಮೇಲಿನ 10% ಶ್ರೀಮಂತರಿಗೆ. ಅಂದರೆ ಅಲ್ಲೂ ಎಲ್ಲರ ಖಾತೆ ಒಂದೇ ಅಲ್ಲ.

ಕಲಾದಗಿಯಲ್ಲಿ ಐದರಲ್ಲಿ ಒಬ್ಬರು ಕಾಣೆ

ಇಂದಿನ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಸೀಮೆಗೆ ಆಗ ಕಲಾದಗಿ ಜಿಲ್ಲೆ ಎಂದು ಹೆಸರು. ಕೃಷ್ಣಾ, ಘಟಪ್ರಭಾ, ಮಲಪ್ರಭಾ, ಡೋಣಿ ಹರಿದರೂ ಮಳೆ ಕೈಕೊಟ್ಟರೆ ಬಾಯಾರುವ ನೆಲ. 1872ರ ಜನಗಣತಿಯಲ್ಲಿ ಇಲ್ಲಿ ಸುಮಾರು 8.16 ಲಕ್ಷ ಜನ ಇದ್ದರು. 1881ರ ಹೊತ್ತಿಗೆ ಉಳಿದವರು ಸುಮಾರು 6.38 ಲಕ್ಷ. ಒಂಬತ್ತೇ ವರ್ಷದಲ್ಲಿ ಐದರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಲೆಕ್ಕದಿಂದ ಹೊರಗೆ ಹೋದರು. ಎಲ್ಲರೂ ಸತ್ತರು ಎಂದಲ್ಲ. ಗುಳೇ ಹೋದವರು, ತಿರುಗಿ ಬಾರದವರು ಇದರಲ್ಲಿದ್ದಾರೆ. ನಡುವೆ ಬಂದು ಹೋದದ್ದು 1876–78ರ ಬರ. ಧಾತು, ಈಶ್ವರ ಸಂವತ್ಸರಗಳ ಬರ ಎಂದು ಹಳಬರು ಕರೆಯುತ್ತಿದ್ದದ್ದು ಇದನ್ನೇ. ದೇಶದಲ್ಲಿ 50 ಲಕ್ಷಕ್ಕೂ ಜಾಸ್ತಿ ಜನ ಇದರಲ್ಲಿ ಸತ್ತರು.

ಬರ ಬ್ರಿಟಿಷರು ತಂದ ಸರಕೇನೂ ಅಲ್ಲ. 1791ರ ಸುಮಾರಿಗೆ ಈ ಸೀಮೆಯನ್ನು ಅಳಿಸಿದ ಡೋಗಿ ಬರದ ಕಾಲಕ್ಕೆ ಅವರಿನ್ನೂ ಇಲ್ಲಿಗೆ ಒಡೆಯರಾಗಿರಲಿಲ್ಲ. ಹಾಗಾದರೆ 1876ರ ಬರಕ್ಕೆ ಅವರನ್ನು ದೂರುವುದು ಯಾಕೆ? ಮಳೆ ತಪ್ಪಿದ್ದಕ್ಕೆ ಅಲ್ಲ, ಮಳೆ ತಪ್ಪಿದ ಮೇಲೆ ಜನ ಯಾಕೆ ಅಷ್ಟು ಬೇಗ ಕುಸಿದರು ಎಂಬುದಕ್ಕೆ ಮತ್ತು ಕುಸಿದವರನ್ನು ಸರ್ಕಾರ ಹೇಗೆ ನೋಡಿತು ಎಂಬುದಕ್ಕೆ.

ಮೊದಲನೆಯದು ನಿಧಾನಕ್ಕೆ ಆದ ಕಥೆ. ಜಮೀನು ಅಳೆದು ಪ್ರತಿ ರೈತನಿಗೂ ನಗದು ಕಂದಾಯ ಕಟ್ಟಿದರು. ಮಳೆ ಬಂದರೂ ಬಾರದಿದ್ದರೂ ರೊಕ್ಕ ಕೊಡಬೇಕು. ರೊಕ್ಕ ಬೇಕಾದರೆ ಮಾರುವ ಬೆಳೆ ಬೇಕು. ಧಾರವಾಡ ಸೀಮೆಯಲ್ಲಿ ಅಮೆರಿಕದ ತಳಿಯ ಹತ್ತಿಯನ್ನು ಸರ್ಕಾರವೇ ಮುಂದೆ ನಿಂತು ಬೆಳೆಸಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಒಳಯುದ್ಧ ನಡೆದಾಗ ಅಲ್ಲಿನ ಹತ್ತಿ ಮ್ಯಾಂಚೆಸ್ಟರಿಗೆ ಬರುವುದು ನಿಂತಿತು. ಇಲ್ಲಿ ಹತ್ತಿಗೆ ಬಂಗಾರದ ಬೆಲೆ ಬಂತು. ರೈತರು ಸಾಲ ಮಾಡಿ ಬಿತ್ತಿದರು, ಸಾವಕಾರರು ಕೇಳಿದಷ್ಟು ಕೊಟ್ಟರು. ಯುದ್ಧ ಮುಗಿಯಿತು, ಬೆಲೆ ಬಿತ್ತು. ಸಾಲ ಮಾತ್ರ ಬೀಳಲಿಲ್ಲ. ಹೊಸ ಕೋರ್ಟುಗಳು ಸಾವಕಾರನ ಕಾಗದಕ್ಕೆ ಕಾನೂನಿನ ಬಲ ಕೊಟ್ಟವು. 1875ರಲ್ಲಿ ಪುಣೆ, ಅಹಮದನಗರದ ರೈತರು ಸಾವಕಾರರ ಮನೆಗೆ ನುಗ್ಗಿ ಸುಟ್ಟದ್ದು ಸಾಲದ ಕಾಗದಗಳನ್ನೇ. ಅದರ ಮರುವರ್ಷವೇ ಬರ ಬಂತು. ಹಗೇವಿನಲ್ಲಿ ಎರಡು ಮೂರು ವರ್ಷದ ಜೋಳ ಇದ್ದವನು ಒಂದು ಕೆಟ್ಟ ವರ್ಷವನ್ನು ಹೇಗೋ ನೂಕಬಲ್ಲ. ಸಾಲಕ್ಕೆ, ಕಂದಾಯಕ್ಕೆ ಅದನ್ನು ಮಾರಿಕೊಂಡವನಿಗೆ ಮೊದಲ ಕೆಟ್ಟ ವರ್ಷವೇ ಕೊನೆಯದು.

ಎರಡನೆಯದು ಒಬ್ಬ ಮನುಷ್ಯನ ಕಥೆ. ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1873–74ರಲ್ಲಿ ಬಂಗಾಳ, ಬಿಹಾರದ ಬರ ನೋಡಿಕೊಂಡಿದ್ದ. ಬರ್ಮಾದಿಂದ ಅಕ್ಕಿ ತರಿಸಿದ, ಧಾರಾಳವಾಗಿ ಹಂಚಿದ. ಜನ ಸತ್ತದ್ದು ತೀರಾ ಕಡಿಮೆ. ಅದಕ್ಕೆ ಅವನಿಗೆ ಸಿಕ್ಕಿದ್ದು ಹೊಗಳಿಕೆ ಅಲ್ಲ, ದುಂದುವೆಚ್ಚದ ಆರೋಪ. ಮುಂದಿನ ಬರಕ್ಕೆ ಅವನನ್ನೇ ದಕ್ಷಿಣಕ್ಕೆ ಕಳಿಸಿದರು. ಈ ಸಲ ಅವನು ಹಳೆಯ ಕಳಂಕ ತೊಳೆದುಕೊಳ್ಳಲು ನಿಂತ. ಬರಗಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ, ಮೇಲೆ ಒಂದು ಆಣೆ. ದಿನವಿಡೀ ಬಿಸಿಲಲ್ಲಿ ದುಡಿಯುವ ದೇಹಕ್ಕೆ ಇದು ಸಾಲದು ಎಂದು ಮದರಾಸಿನ ಸರ್ಕಾರಿ ವೈದ್ಯರೇ ಬರೆದರು. ಮುಂಬೈ ಪ್ರಾಂತ್ಯದಲ್ಲಿ ಸಾವಿರಾರು ಜನ ಆ ಕೂಲಿ ಬೇಡ ಎಂದು ಕೆಲಸ ಬಿಟ್ಟು ನಡೆದರು. ಪುಣೆಯ ‘ಸಾರ್ವಜನಿಕ ಸಭೆ’ ಎಂಬ ಸಂಘಟನೆ ಅವರ ಪರ ಬರೆಯಿತು. ಇತ್ತ ಧಾನ್ಯದ ಬೆಲೆಗೆ ಕೈ ಹಾಕಕೂಡದು, ವ್ಯಾಪಾರ ತಾನೇ ಸರಿಮಾಡುತ್ತದೆ ಎಂದು ವೈಸರಾಯ್ ಲಿಟ್ಟನ್ ಹಟ ಹಿಡಿದಿದ್ದ. 1877ರ ಜನವರಿ 1ರಂದು, ಬರದ ನಟ್ಟನಡುವೆ, ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿ ಎಂದು ಸಾರುವ ದರ್ಬಾರು ನಡೆಸಿದ್ದೂ ಇವನೇ.

ಜನರ ಪ್ರಾಣ ಉಳಿಸಿದವನಿಗೆ ಛೀಮಾರಿ, ಬೊಕ್ಕಸ ಉಳಿಸಿದವನಿಗೆ ಶಹಬ್ಬಾಸ್. ಟೆಂಪಲ್ ಆಮೇಲೆ ಮುಂಬೈ ಪ್ರಾಂತ್ಯಕ್ಕೇ ಗವರ್ನರ್ ಆದ. ಅಧಿಕಾರಿ ಉತ್ತರ ಕೊಡಬೇಕಾದದ್ದು ಲಂಡನ್ನಿಗೆ, ಕಲಾದಗಿಗೆ ಅಲ್ಲ. ವಸಾಹತು ಆಡಳಿತದ ಮೂಲ ದೋಷ ಇಷ್ಟೇ ಎನಿಸುತ್ತದೆ. ಆಳುವವರು ಕೆಟ್ಟವರೋ ಒಳ್ಳೆಯವರೋ ಎಂಬುದಕ್ಕಿಂತ ಅವರನ್ನು ಯಾರು ಹಿಡಿದು ಕೇಳಬಹುದು ಎಂಬುದು ದೊಡ್ಡ ಪ್ರಶ್ನೆ.

ಬರದ ಹಿಂದೆ ಬಂದ ರೈಲು

ಇಷ್ಟಾದ ಮೇಲೆ ಸರ್ಕಾರ ಪಾಠ ಕಲಿಯಿತು, ಅದನ್ನೂ ಹೇಳಬೇಕು. 1880ರಲ್ಲಿ ಬರ ಆಯೋಗದ ವರದಿ ಬಂತು, 1883ರಲ್ಲಿ ಬರ ಸಂಹಿತೆ. ಯಾವ ಲಕ್ಷಣ ಕಂಡರೆ ಬರ ಎಂದು ಸಾರಬೇಕು, ಕಾಮಗಾರಿ ಯಾವಾಗ ಶುರುಮಾಡಬೇಕು ಎಂಬ ನಿಯಮಗಳು ಬಂದವು. ಸ್ವಾತಂತ್ರ್ಯದ ನಂತರವೂ ರಾಜ್ಯಗಳ ಬರ ಕೈಪಿಡಿಗಳು ಇದರ ಮೇಲೇ ನಿಂತವು. ಬರ ಆಯೋಗ ರೈಲು ಮಾರ್ಗಗಳನ್ನೂ ಒತ್ತಿ ಹೇಳಿತು. ಹಾಗೆ ಬಂದದ್ದು ಸದರ್ನ್ ಮರಾಠಾ ರೈಲ್ವೆ. ಸೊಲ್ಲಾಪುರದ ಹತ್ತಿರದ ಹೋಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿ ದಾಟಿ ಗದಗಕ್ಕೆ ಹೋಗುವ ಹಳಿ 1884ರ ಹೊತ್ತಿಗೆ ಬಿತ್ತು. ಮರುವರ್ಷ ಜಿಲ್ಲೆಯ ಮುಖ್ಯ ಕಚೇರಿ ಕಲಾದಗಿಯಿಂದ ವಿಜಯಪುರಕ್ಕೆ ಬಂತು. ರೈಲು ಮುಟ್ಟದ ಕಲಾದಗಿ ಹಿಂದೆ ಬಿತ್ತು.

‘ಅವರು ರೈಲು ಕೊಟ್ಟರು’ ಎಂಬ ಮಾತಿನಲ್ಲಿ ‘ಕೊಟ್ಟರು’ ಅನ್ನುವುದೇ ತಪ್ಪು ಪದ. ಭಾರತದ ಮೊದಮೊದಲ ರೈಲು ಕಂಪನಿಗಳಿಗೆ ವರ್ಷಕ್ಕೆ 5% ಲಾಭದ ಖಾತ್ರಿ ಇತ್ತು. ಅಷ್ಟು ಲಾಭ ಬರದಿದ್ದರೆ ಇಲ್ಲಿನ ತೆರಿಗೆಯಿಂದ ತುಂಬಿಕೊಡಬೇಕು. ನಷ್ಟದ ಭಯ ಇಲ್ಲದವನು ಖರ್ಚು ಯಾಕೆ ಹಿಡಿತದಲ್ಲಿಡುತ್ತಾನೆ? ಎಂಜಿನ್ನು, ಹಳಿ ಬಹುಪಾಲು ಬ್ರಿಟನ್ನಿನಿಂದಲೇ ಬಂದವು. ಇನ್ನು ಅದೇ ಹಳಿ ಬರದ ವರ್ಷ ಜೋಳ ತಂದಿತು, ಒಳ್ಳೆಯ ವರ್ಷ ಹತ್ತಿಯನ್ನು ಬಂದರಿಗೆ ಒಯ್ದಿತು. 1896ರಲ್ಲಿ ಮುಂಬೈಗೆ ಬಂದ ಪ್ಲೇಗು ಒಳನಾಡಿಗೆ ಇಳಿದದ್ದೂ ಇದೇ ರೈಲು ಹತ್ತಿ.

ಈ ಹಳಿಯಿಂದ ಉಪಯೋಗ ಆಗಿಲ್ಲವೇ? ಖಂಡಿತ ಆಗಿದೆ. ಇಂದಿಗೂ ಜನ ಓಡಾಡುತ್ತಿದ್ದಾರೆ. ಆದರೆ 1877ರಲ್ಲಿ ಹುನಗುಂದದ ಹಾದಿಯಲ್ಲಿ ಬಿದ್ದವನ ಖಾತೆಗೆ 1884ರ ರೈಲನ್ನು ಜಮಾ ಮಾಡುವುದು ಹೇಗೆ? ಮೊಮ್ಮಗ ಟಿಕೆಟ್ ತೆಗೆಸಿದ ಎಂದು ಅಜ್ಜನ ಸಾವು ವಜಾ ಆಗುವುದಿಲ್ಲ.

ನೂಲು ಹೋಯಿತು, ಮಗ್ಗ ಉಳಿಯಿತು

ಬ್ರಿಟಿಷರು ಬಂದು ಕೈಮಗ್ಗ ಸತ್ತವು ಎಂದು ಪಠ್ಯಪುಸ್ತಕದಲ್ಲಿ ಓದುತ್ತೇವೆ. ಇಳಕಲ್ಲಿಗೂ ಗುಳೇದಗುಡ್ಡಕ್ಕೂ ಹೋದವರಿಗೆ ಇದು ಪೂರ್ತಿ ನಿಜವಲ್ಲ ಎಂದು ಗೊತ್ತಾಗುತ್ತದೆ. ಅಲ್ಲಿ ಮಗ್ಗದ ಸದ್ದು ನಿಂತಿಲ್ಲ.

ಮೊದಲು ಪೆಟ್ಟು ಬಿದ್ದದ್ದು ನೂಲುವವರಿಗೆ. ಗಿರಣಿಯ ನೂಲು ಅಗ್ಗಕ್ಕೆ ಬಂದಾಗ ಮನೆಯಲ್ಲಿ ರಾಟಿ ತಿರುಗಿಸುತ್ತಿದ್ದ ಹೆಣ್ಣುಮಕ್ಕಳ ಆದಾಯ ಹೋಯಿತು. ವಿಧವೆಯರಿಗೆ, ಮುದುಕಿಯರಿಗೆ, ಜಮೀನಿಲ್ಲದವರಿಗೆ ಅದೊಂದೇ ಕೈಗಾಸು. ಅವರು ಬಂಡಾಯ ಏಳಲಿಲ್ಲ, ಯಾವ ಲಾವಣಿಯಲ್ಲೂ ಬರಲಿಲ್ಲ. ನೇಕಾರನಿಗೆ ಮಾತ್ರ ಅದೇ ಅಗ್ಗದ ನೂಲು ಸ್ವಲ್ಪ ಉಸಿರು ಕೊಟ್ಟಿತು. ಸಾದಾ ಬಟ್ಟೆ ನೇಯುತ್ತಿದ್ದವರು ಗಿರಣಿ ಬಟ್ಟೆಯ ಎದುರು ಸೋತರು. ರೇಷ್ಮೆ ಸೆರಗನ್ನು ಹತ್ತಿಯ ಒಡಲಿಗೆ ಕೊಂಡಿ ಹಾಕಿ ಸೇರಿಸುವ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಇವು ಗಿರಣಿಗೆ ಸುಲಭಕ್ಕೆ ಬಗ್ಗಲಿಲ್ಲ. ಈ ಭಾಗದ ಹೆಣ್ಣುಮಕ್ಕಳು ಅದನ್ನು ಉಡುವುದನ್ನು ಬಿಡಲಿಲ್ಲ, ಹಾಗಾಗಿ ಅವು ಉಳಿದವು. 1887ರಲ್ಲಿ ಗೋಕಾಕ ಜಲಪಾತದ ನೀರಿನ ಬಲದಿಂದ ಗಿರಣಿ ಓಡತೊಡಗಿತು. ಮಾಲೀಕತ್ವ ಬ್ರಿಟಿಷ್ ಕಂಪನಿಯದು, ಕೂಲಿ ಸುತ್ತಲಿನ ಹಳ್ಳಿಗಳದು.

ಒಂದೇ ನೂಲು. ಅತ್ತೆಗೆ ನಷ್ಟ, ನೇಕಾರ ಅಳಿಯನಿಗೆ ಲಾಭ. ಮನೆಯೊಂದರ ಒಳಗೇ ಜಮಾ-ಖರ್ಚು ಹೀಗಿದ್ದರೆ ದೇಶದ್ದನ್ನು ಒಂದು ಸಾಲಿನಲ್ಲಿ ಹೇಳುವುದು ಕಷ್ಟ, ಅಲ್ವಾ?

ಮೆಕಾಲೆಯ ಶಾಲೆಯೋ, ಹಳಕಟ್ಟಿಯವರ ಶಾಲೆಯೋ

1835ರ ಮೆಕಾಲೆ ಟಿಪ್ಪಣಿ ಇಂಗ್ಲಿಷ್ ಶಿಕ್ಷಣಕ್ಕೆ ಸರ್ಕಾರದ ಹಣ ಕೊಡಿಸಿತು. ರಕ್ತದಲ್ಲಿ ಭಾರತೀಯರಾಗಿ, ರುಚಿಯಲ್ಲಿ, ಬುದ್ಧಿಯಲ್ಲಿ ಇಂಗ್ಲಿಷರಾದ ಒಂದು ವರ್ಗ ಬೇಕು ಎಂಬುದು ಅದರ ಆಶಯ. ಎಲ್ಲ ಜನರಿಗೂ ಓದು ಕೊಡುವ ಯೋಚನೆ ಅಲ್ಲಿರಲಿಲ್ಲ. ಫಲ ಏನಾಯಿತು? ಬ್ರಿಟಿಷರು ಹೋಗಿ ನಾಲ್ಕು ವರ್ಷಕ್ಕೆ, 1951ರ ಜನಗಣತಿಯಲ್ಲಿ, ದೇಶದ ಸಾಕ್ಷರತೆ 18.33%. ‘ಅವರು ಶಾಲೆ ತಂದರು’ ಅನ್ನುವವರು ಈ ಅಂಕಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಈ ಸೀಮೆಯ ತೊಡಕು ಇಂಗ್ಲಿಷ್ ಒಂದೇ ಅಲ್ಲ. ಪೇಶ್ವೆಯ ಕಾಲದಿಂದ ದಪ್ತರದ ಭಾಷೆ ಮರಾಠಿ. ಅದನ್ನೇ ಬ್ರಿಟಿಷರು ಮುಂದುವರಿಸಿದರು. ಕನ್ನಡದ ಮಕ್ಕಳು ಮರಾಠಿ ಶಾಲೆಯಲ್ಲಿ ಕೂತರು. ಕನ್ನಡ ನಾಡು ಮುಂಬೈ, ಮದರಾಸು, ಹೈದರಾಬಾದು, ಮೈಸೂರು, ಕೊಡಗು, ಪುಟ್ಟ ಸಂಸ್ಥಾನಗಳು ಹೀಗೆ ಹರಿದು ಹಂಚಿಹೋಯಿತು. ಬೆಳಗಾವಿಯ ಗಡಿ ತಕರಾರಿನ ಬೇರುಗಳಲ್ಲಿ ಒಂದು ಇಲ್ಲೇ ಇದೆ.

ಆದರೆ ಅದೇ ಆಡಳಿತದ ಒಳಗಿಂದಲೇ ತಿದ್ದುಪಡಿಯೂ ಬಂತು. ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ ಧಾರವಾಡದಲ್ಲಿ ಕನ್ನಡ ಶಾಲೆಗೆ ಮುಂದಾದ. ಡೆಪ್ಯುಟಿ ಚನ್ನಬಸಪ್ಪನವರು ಶಿಕ್ಷಣ ಇಲಾಖೆಯ ಒಳಗೇ ಕೂತು ಮರಾಠಿ ಶಾಲೆಗಳನ್ನು ಕನ್ನಡಕ್ಕೆ ತಿರುಗಿಸಿದರು, ಶಿಕ್ಷಕರನ್ನು ತಯಾರು ಮಾಡಿದರು. ಅವರ ಹೆಸರಿನ ಹಿಂದಿನ ‘ಡೆಪ್ಯುಟಿ’ ಬ್ರಿಟಿಷ್ ಹುದ್ದೆ, ಕೆಲಸ ಮಾತ್ರ ಕನ್ನಡದ್ದು.

ಆಮೇಲಿನ ತಲೆಮಾರು ಇನ್ನೂ ಮುಂದೆ ಹೋಯಿತು. ಫ.ಗು. ಹಳಕಟ್ಟಿಯವರು ಇಂಗ್ಲಿಷ್ ಕಾನೂನು ಓದಿ ವಿಜಯಪುರದಲ್ಲಿ ವಕೀಲರಾದರು. 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ ಕಟ್ಟಿದರು. ಊರೂರು ತಿರುಗಿ ತಾಳೆಗರಿ ಹುಡುಕಿ ವಚನಗಳನ್ನು ಅಚ್ಚು ಹಾಕಿಸಿದರು. ಅದಕ್ಕೆಂದೇ ಮುದ್ರಣಾಲಯ ನಡೆಸಿ ಸಾಲದಲ್ಲಿ ಬಿದ್ದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಸೇರಿ ಕೆ.ಎಲ್.ಇ. ಶಿಕ್ಷಣ ಸಂಸ್ಥೆ ಕಟ್ಟಿದರು. ಅವರನ್ನು ಸಪ್ತರ್ಷಿಗಳು ಎಂದೇ ಜನ ಕರೆಯುತ್ತಾರೆ. ಪುಣೆಯಲ್ಲಿ ಇಂಗ್ಲಿಷ್ ಓದಿಕೊಂಡು ಬಂದ ಮೇಷ್ಟ್ರುಗಳು ಕಟ್ಟಿದ ಆ ಶಾಲೆಗೆ ಹಣ ಬಂದದ್ದು ಇಲ್ಲಿನ ದಾನಿಗಳಿಂದ.

ಮೆಕಾಲೆಯ ಲೆಕ್ಕದ ಪ್ರಕಾರ ಇಂಗ್ಲಿಷ್ ಕಲಿತವನು ತಾಳೆಗರಿ ಹುಡುಕಿಕೊಂಡು ಹೋಗಬಾರದು. ಹಳಕಟ್ಟಿಯವರು ಹೋದರು. ಹೀಗಿರುವಾಗ ಅಚ್ಚಿನ ಮೊಳೆ ಬ್ರಿಟಿಷರ ಕೊಡುಗೆ ಎಂದು ಬರೆಯಬಹುದು. ವಚನ ಸಾಹಿತ್ಯ ಮರಳಿ ಸಿಕ್ಕದ್ದನ್ನು ಅವರ ಜಮಾಕ್ಕೆ ಬರೆಯುವುದು ಸರಿಯೇ?

ಊರ ಹೊರಗಿನವರು ಕೇಳಿದ ಪ್ರಶ್ನೆ

ವಸಾಹತು ಆಳ್ವಿಕೆಯನ್ನು ಪೂರ್ತಿ ಕತ್ತಲೆ ಎನ್ನುವ ವಾದಕ್ಕೆ ಅತಿ ಗಟ್ಟಿಯಾದ ಆಕ್ಷೇಪ ಬರುವುದು ದಲಿತ ಚಿಂತನೆಯಿಂದ. ಪೇಶ್ವೆಯ ಆಳ್ವಿಕೆಯೇ ತಮಗೆ ಜೈಲಾಗಿತ್ತು ಎನ್ನುವವರಿಗೆ ಅದು ಹೋದದ್ದು ಬರೀ ಸೋಲಿನ ಕಥೆ ಅಲ್ಲ. ಸೈನ್ಯ, ಮಿಷನ್ ಶಾಲೆ, ಎಲ್ಲರಿಗೂ ಒಂದೇ ದಂಡ ಸಂಹಿತೆ ಇವು ಹೊಸ ಬಾಗಿಲುಗಳು. ಈ ಮಾತನ್ನು ತಳ್ಳಿಹಾಕುವಂತಿಲ್ಲ.

ಆದರೆ ಬಾಗಿಲು ಎಷ್ಟು ತೆರೆಯಿತು ನೋಡಿ. 1856ರಲ್ಲಿ ಧಾರವಾಡದ ಒಬ್ಬ ಮಹಾರ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ. ತತ್ವದಲ್ಲಿ ಅವನು ಹೇಳುವುದು ಸರಿ ಎಂದು ಸರ್ಕಾರ ಒಪ್ಪಿತು. ಸೇರಿಸಿಕೊಂಡರೆ ಉಳಿದವರು ಶಾಲೆ ಬಿಡುತ್ತಾರೆ ಎಂದು ಹೇಳಿ ಸೇರಿಸಲಿಲ್ಲ. ಎರಡು ವರ್ಷದ ನಂತರ, ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆ ಎಲ್ಲ ಜಾತಿಗೂ ತೆರೆದಿರಬೇಕು ಎಂಬ ನಿಯಮ ಬಂತು. ನಿಯಮ ಬಂದರೂ ಅದನ್ನು ಜಾರಿ ಮಾಡುವ ಧೈರ್ಯ ಬರಲಿಲ್ಲ. ಕುಂಪಣಿಯ ಸೈನ್ಯದಲ್ಲಿ ದುಡಿದಿದ್ದ ಮಹಾರರನ್ನು 1890ರ ದಶಕದಲ್ಲಿ ಭರ್ತಿಯಿಂದಲೇ ಹೊರಗಿಟ್ಟರು.

ಅಂಬೇಡ್ಕರ್ 1925ರಲ್ಲಿ ನಿಪ್ಪಾಣಿಯ ಸಮ್ಮೇಳನಕ್ಕೆ ಬಂದಿದ್ದರು. ಐದು ವರ್ಷದ ನಂತರ ಲಂಡನ್ನಿನ ದುಂಡು ಮೇಜಿನ ಪರಿಷತ್ತಿನಲ್ಲಿ ಅವರು ಬ್ರಿಟಿಷರ ಎದುರೇ ಕೇಳಿದ್ದರ ತಾತ್ಪರ್ಯ ಇಷ್ಟು: ನೀವು ಬರುವ ಮೊದಲು ನಮಗೆ ಊರ ಬಾವಿಯ ನೀರು ಇರಲಿಲ್ಲ, ಗುಡಿಯ ಬಾಗಿಲು ಇರಲಿಲ್ಲ. ಈಗ ಕೊಡಿಸಿದ್ದೀರಾ? ಮೇಲ್ಜಾತಿಗಳನ್ನು ಎದುರು ಹಾಕಿಕೊಳ್ಳಲು ಅಂಜುವ ಪರಕೀಯ ಸರ್ಕಾರದಿಂದ ಇದು ಆಗುವ ಕೆಲಸವಲ್ಲ ಎಂಬುದು ಅವರ ವಾದ. ಪೇಶ್ವೆಯ ಕಾಲ ಬೇಡವೇ ಬೇಡ ಎನ್ನುತ್ತಲೇ ಬ್ರಿಟಿಷರೂ ಸಾಲದು ಎಂದವರು ಅವರು. ಚಹಾದಂಗಡಿಯ ಎರಡು ಪಕ್ಷಗಳಲ್ಲಿ ಈ ನಿಲುವಿಗೆ ಜಾಗವೇ ಇಲ್ಲ.

ಗಲ್ಲಿಗೆ ಹಾಕಿದವರೇ ಲಾವಣಿ ಬರೆದುಕೊಂಡರು

1857ರಲ್ಲಿ ಪರವಾನಗಿ ಇಲ್ಲದೆ ಆಯುಧ ಇಟ್ಟುಕೊಳ್ಳಕೂಡದು ಎಂಬ ಕಾಯ್ದೆ ಬಂತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧ ಅಂದರೆ ಬೇಟೆ, ಮಾನ, ಹೊಟ್ಟೆಪಾಡು. ಕೊಡುವುದಿಲ್ಲ ಎಂದರು. ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು. ಸಿಕ್ಕವರನ್ನು ಮುಧೋಳದಲ್ಲೂ ಹಲಗಲಿಯಲ್ಲ‌ೂ ಗಲ್ಲಿಗೇರಿಸಿದರು.

ಇದನ್ನು ಹಾಡಿದ ಲಾವಣಿಯನ್ನು, ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಜಾನ್ ಫೇತ್‌ಫುಲ್ ಫ್ಲೀಟ್. ಅದೇ ಸರ್ಕಾರದ ಅಧಿಕಾರಿ. ಐಹೊಳೆಯ ಶಾಸನಗಳನ್ನು ಓದಿ ಪ್ರಕಟಿಸಿದವನೂ ಅವನೇ. ಫ್ಲೀಟನಿಗೆ ಕನ್ನಡಿಗರು ಋಣಿ, ಅನುಮಾನ ಇಲ್ಲ. ಹಾಗಂತ ಊರು ಸುಟ್ಟವರು ಅದರ ಹಾಡನ್ನು ಉಳಿಸಿದರಲ್ಲ ಎಂದು ಹಲಗಲಿಯವರಿಗೆ ಸಮಾಧಾನ ಹೇಳಲು ಬರುತ್ತದೆಯೇ?

ವಿಜಯಪುರದ ಅಸಾರ್ ಮಹಲಿನಲ್ಲಿದ್ದ ಅರಬ್ಬಿ, ಪರ್ಶಿಯನ್ ಹಸ್ತಪ್ರತಿಗಳ ಕಥೆಯೂ ಹೀಗೇ. 1853ರಲ್ಲಿ ಅವು ಲಂಡನ್ನಿಗೆ ಹೋದವು. ಅಲ್ಲಿ ಚೆನ್ನಾಗಿ ಉಳಿದಿವೆ, ಪಟ್ಟಿಯೂ ಆಗಿದೆ. ಆದರೆ ಆದಿಲ್‌ಶಾಹಿ ಕಾಲದ ಬಗ್ಗೆ ಕೆಲಸ ಮಾಡುವ ವಿಜಯಪುರದ ಹುಡುಗಿ ಮೂಲ ಪ್ರತಿ ಮುಟ್ಟಬೇಕಾದರೆ ವೀಸಾ ಬೇಕು.

ಮುಂದೆ ಏನಾಗಬಹುದು

ಪರಿಹಾರದ ಹಣ ಬರುತ್ತದೆಯೇ? ಸದ್ಯಕ್ಕೆ ಅಂಥ ಲಕ್ಷಣ ಇಲ್ಲ. ಕೆರಿಬಿಯನ್ ದೇಶಗಳು ಗುಲಾಮಗಿರಿಗೆ ಪರಿಹಾರ ಕೇಳುತ್ತಲೇ ಇವೆ, ಬ್ರಿಟನ್ ಒಪ್ಪಿಲ್ಲ. ವಸ್ತುಗಳ ವಿಷಯದಲ್ಲಿ ಸ್ವಲ್ಪ ಚಲನೆ ಇದೆ. 2024ರಲ್ಲಿ ಲಂಡನ್ನಿನ ಸಂಗ್ರಹಾಲಯದಲ್ಲಿದ್ದ, ಶಿವಾಜಿಯದು ಎನ್ನಲಾದ ವಾಘನಖ (ಹುಲಿಯುಗುರಿನಂಥ ಆಯುಧ) ಸಾತಾರಾಕ್ಕೆ ಬಂತು. ಅದೂ ಮೂರು ವರ್ಷಕ್ಕೆ, ಸಾಲವಾಗಿ. ಅಸಾರ್ ಮಹಲಿನ ಪ್ರತಿಗಳನ್ನು ಕೇಳುವುದಾದರೆ ಹಣಕ್ಕಿಂತ ಈ ದಾರಿಯೇ ಹತ್ತಿರದ್ದು.

ಮೆಕಾಲೆ ವಿಷಯ ಹೆಚ್ಚು ನಾಜೂಕು. ಇಂಗ್ಲಿಷ್ ಬೇಡ ಎಂದರೆ ಮೊದಲು ಕಳೆದುಕೊಳ್ಳುವವರು ಯಾರು? ದುಬಾರಿ ಶಾಲೆಯ ಮಕ್ಕಳಂತೂ ಅಲ್ಲ. ಸರ್ಕಾರಿ ಕನ್ನಡ ಶಾಲೆಯಲ್ಲಿ ಕನ್ನಡವನ್ನೂ ಗಟ್ಟಿಯಾಗಿ, ಇಂಗ್ಲಿಷನ್ನೂ ಗಟ್ಟಿಯಾಗಿ ಕಲಿಸದಿದ್ದರೆ ಹಳೆಯ ವಿಂಗಡಣೆ ಹೊಸ ಹೆಸರಿನಲ್ಲಿ ಮುಂದುವರಿಯುತ್ತದೆ.

ಕಾನೂನುಗಳನ್ನು ಅಳೆಯುವಾಗ ಹೆಸರು ನೋಡಿದರೆ ಸಾಲದು. 1870ರಲ್ಲಿ ಬಂದ ರಾಜದ್ರೋಹದ ಕಲಂ ತಿಲಕರನ್ನು ಎರಡು ಸಲ ಜೈಲಿಗೆ ಕಳಿಸಿತು. ಹೊಸ ಸಂಹಿತೆಯಲ್ಲಿ ಆ ಹೆಸರಿಲ್ಲ. ಆದರೆ ದೇಶದ ಏಕತೆಗೆ ಧಕ್ಕೆ ತರುವ ಮಾತಿಗೆ, ಕೃತ್ಯಕ್ಕೆ ಶಿಕ್ಷೆ ಹೇಳುವ 152ನೇ ಕಲಂ ಇದೆ. ಹಳೆಯದೇ ಹೊಸ ಅಂಗಿ ಹಾಕಿಕೊಂಡಿದೆ ಎಂದು ಟೀಕಾಕಾರರು, ಇಲ್ಲ, ಸರ್ಕಾರವನ್ನು ಟೀಕಿಸುವುದು ಈಗ ಅಪರಾಧವಲ್ಲ ಎಂದು ಸಮರ್ಥಕರು. ಕೋರ್ಟಿನ ತೀರ್ಪುಗಳೇ ಇದನ್ನು ಬಿಡಿಸಬೇಕು. ಅಪರಾಧಿ ಬುಡಕಟ್ಟುಗಳ ಕಾಯ್ದೆಯಂತೂ ಇನ್ನೊಂದು ಎಚ್ಚರಿಕೆ. ಹುಟ್ಟಿನಿಂದಲೇ ಕಳ್ಳರು ಎಂದು ಹಣೆಪಟ್ಟಿ ಹಚ್ಚಿ ವಿಜಯಪುರದಂಥ ಕಡೆ ‘ಸೆಟ್ಲಮೆಂಟ್’ಗಳಲ್ಲಿ ತಂತಿಬೇಲಿಯೊಳಗೆ ಇಟ್ಟ ಕಾಯ್ದೆ ಅದು. 1952ರಲ್ಲಿ ರದ್ದಾಯಿತು. ಆ ಸಮುದಾಯಗಳ ಮೇಲಿನ ಪೊಲೀಸರ ಅನುಮಾನ ರದ್ದಾಗಲು ಯಾವ ಗೆಜೆಟ್ ಪ್ರಕಟಣೆಯೂ ಸಾಲಲಿಲ್ಲ.

ಕೊನೆಗೆ ಬಾಗಲಕೋಟೆಗೆ ಹತ್ತಿರದ ಕಾನೂನು ಒಂದಿದೆ. ಭೂಸ್ವಾಧೀನ ಕಾಯ್ದೆ, 1894. ಸರ್ಕಾರ ‘ಸಾರ್ವಜನಿಕ ಉದ್ದೇಶ’ ಎಂದು ಹೇಳಿದರೆ ಸಾಕು, ಜಮೀನಿನವನ ಒಪ್ಪಿಗೆ ಬೇಕಿಲ್ಲ. ವಸಾಹತು ಸರ್ಕಾರಕ್ಕೆ ಒಪ್ಪುವ ಕಾನೂನು. ಸ್ವತಂತ್ರ ಭಾರತ ಅದನ್ನು 66 ವರ್ಷ ಇಟ್ಟುಕೊಂಡಿತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳೂ ಸುತ್ತಲಿನ ಹಳ್ಳಿಗಳೂ ಹೋದದ್ದು ಇದೇ ಕಾಯ್ದೆಯ ಕಾಲದಲ್ಲಿ. ನೀರು ಸಿಕ್ಕದ್ದು ಒಬ್ಬರಿಗೆ, ಮನೆ ಮುಳುಗಿದ್ದು ಇನ್ನೊಬ್ಬರದು. ಈ ಜಮಾ-ಖರ್ಚಿನ ತಕರಾರು ‘ಮುಳುಗಡೆ’ ಎಂಬ ಪದ ಗೊತ್ತಿರುವ ಊರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಇಲ್ಲಿ ಜನ ಧರಣಿ ಕೂರಬಹುದು, ಪರಿಹಾರ ಸಾಲದು ಎಂದು ಕೋರ್ಟಿಗೆ ಹೋಗಬಹುದು, ಶಾಸಕನನ್ನು ಸೋಲಿಸಬಹುದು. ಟೆಂಪಲನನ್ನು ಸೋಲಿಸುವ ದಾರಿ ಕಲಾದಗಿಯವರಿಗೆ ಇರಲಿಲ್ಲ.

2014ರ ಜನವರಿ 1ರಿಂದ ಹೊಸ ಭೂಸ್ವಾಧೀನ ಕಾಯ್ದೆ ಜಾರಿಯಲ್ಲಿದೆ. ಪರಿಹಾರ ಹೆಚ್ಚು, ಪುನರ್ವಸತಿ ಹಕ್ಕು. ಈಗ ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಮುಂದಿದೆ. ಇನ್ನಷ್ಟು ಹಳ್ಳಿಗಳು, ಇನ್ನಷ್ಟು ಎರೆಹೊಲ ನೀರಿಗೆ ಹೋಗಲಿವೆ. 1894ರ ಕಾಯ್ದೆ ನಿಜಕ್ಕೂ ಹೋಗಿದೆಯೋ ಇಲ್ಲವೋ ಎಂಬುದು ಗೊತ್ತಾಗುವುದು ಆ ಹಳ್ಳಿಗಳ ಗ್ರಾಮಸಭೆಗಳಲ್ಲಿ.